ಧೂಳು ಅಂತ ಒರೆಸಿದ್ದು

ನಮ್ಮ ಕೆಲಸಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಲ್ಯಾಬಿನಲ್ಲಿ ಅದನ್ನು ಸ್ಪಾಟಿಂಗ್ ಅನ್ನುತ್ತಿದ್ದರು. ನೆಗೆಟಿವ್ ಮೇಲೆ ಕೂತ ಧೂಳು, ಕೂದಲು, ಗೀರು ಎಲ್ಲ ಪ್ರಿಂಟಿನಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ನಾಲ್ಕೈದು ಕೂದಲಿನ ಬ್ರಷ್ಷಿಗೆ ಬಣ್ಣ ತಾಗಿಸಿ ಅವನ್ನು ಒಂದೊಂದಾಗಿ ಮುಚ್ಚಬೇಕು. ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಕೈ ತಪ್ಪಿದರೆ ಮದುಮಗಳ ಗಲ್ಲದ ಮೇಲೊಂದು ಮಚ್ಚೆ ಹುಟ್ಟುತ್ತದೆ. ಠಾಣೆ ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಲ್ಯಾಬಿನಲ್ಲಿ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸ ಮಾಡಿದೆ. ಮೊದಲು ಬ್ರಷ್ಷಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ.

ನನ್ನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ವಾರಿಜಾ ಮೇಡಂ, ಈ ಕೆಲಸದಲ್ಲಿ ಮುಖ್ಯವಾಗಿ ಎಂತ ಕಲೀಬೇಕು?" ಅಂತ ಕೇಳಿದಳು. "ಹೆದರ್ಲಿಕ್ಕೆ ಕಲಿ" ಅಂದೆ. ಅವಳು ನಕ್ಕಳು. ತಮಾಷೆಗೆ ಹೇಳಿದ್ದಲ್ಲ ಅಂತ ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಮದುವೆಯಾಗಿ ಕಾಪು ಕಡೆಯಿಂದ ಡೊಂಬಿವಲಿಗೆ ಬಂದವಳು ನಾನು. ಗಂಡ ಹೋಟೆಲಿನಲ್ಲಿ ಕ್ಯಾಶ್ ಕೌಂಟರಿಗೆ ಕೂರುತ್ತಿದ್ದರು. ರಂಗೋಲಿ ಚೆನ್ನಾಗಿ ಹಾಕುತ್ತೇನೆ ಅನ್ನುವ ಒಂದೇ ಅರ್ಹತೆಯ ಮೇಲೆ ನನ್ನನ್ನು ಲ್ಯಾಬಿಗೆ ಸೇರಿಸಿದವರು ಕರ್ಕೇರಣ್ಣ. ಮಲ್ಪೆಯವರು, ಡಾರ್ಕ್‌ರೂಮಿನ ಪ್ರಿಂಟರ್. ಸೇರಿದ ಮೊದಲ ವಾರವೇ ಒಬ್ಬಳು ಮದುಮಗಳ ಮೂಗಿನ ಮೇಲೆ ಹೊಳೆಯುವ ಬಿಳಿ ಚುಕ್ಕೆ ಕಂಡಿತು. ಬಹಳ ನಾಜೂಕಾಗಿ ಮುಚ್ಚಿದೆ. ಅದು ವಜ್ರದ ಮೂಗುಬೊಟ್ಟು. ಮರುದಿನ ಆಕೆಯ ಅತ್ತೆ ಅಂಗಡಿಗೆ ಬಂದು ಕೂಗಾಡಿದ ರಭಸಕ್ಕೆ ನಾನು ಕೆಮಿಕಲ್ ಡಬ್ಬಿಗಳ ಹಿಂದೆ ಹೋಗಿ ನಿಂತೆ. ಕರ್ಕೇರಣ್ಣ ಅಲ್ಲಿಗೇ ಬಂದರು.

"ಚುಕ್ಕೆ ಕಂಡ ಕೂಡ್ಲೆ ಬ್ರಷ್ ಹಾಕುದಾ ಮಾರಾಯ್ತಿ? ನೆಗೆಟಿವ್ ತೆಗ್ದು ಬೆಳಕಿಗೆ ಹಿಡಿ. ಅದು ಧೂಳಾ, ಇಲ್ಲ ಅಲ್ಲಿ ಇದ್ದದ್ದೇ ಹೌದಾ ಅಂತ ನೋಡು. ಆಮೇಲೆ ಕೈ ಹಾಕು."

ಆವತ್ತಿನಿಂದ ನೆಗೆಟಿವ್ ನೋಡದೆ ಬ್ರಷ್ ಎತ್ತುತ್ತಿರಲಿಲ್ಲ. ಕಂಪ್ಯೂಟರ್ ಬರುವ ತನಕ.

ಇನ್ನೊಂದು ಹೆದರಿಕೆ ಬೇರೆ ತರಹದ್ದು. ಕಾಮೋಠೆಯಿಂದ ಒಬ್ಬರು ಹೆಂಗಸು ಬಂದಿದ್ದರು, ವಿಜಾಪುರದ ಕಡೆಯವರು. ಯಾರದೋ ಗೃಹಪ್ರವೇಶದ ಗುಂಪು ಫೋಟೋ, ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ತಲೆ ತಿರುಗಿಸಿದ್ದ. "ನನ್ನ ಮಗಾರೀ ಅಕ್ಕಾರ. ಹೋಗಿಬಿಟ್ಟ. ಅಂವಂದು ಇದೊಂದ ಫೋಟೋ ಐತ್ರೀ. ದೊಡ್ಡದ ಮಾಡಿ ಕೊಡ್ರೀ" ಅಂದರು. ದೊಡ್ಡದು ಮಾಡಿದರೆ ಅಲ್ಲಿ ಮುಖವೇ ಇಲ್ಲ. ಕಾಳು ಕಾಳು ಬೂದು ಬಣ್ಣ, ಕಣ್ಣಿನ ಜಾಗದಲ್ಲಿ ಎರಡು ನೆರಳು. ಆಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಮೂರು ದಿನ ಕೂತು ಬ್ರಷ್ಷಿನಲ್ಲಿ ಕಣ್ಣು ಬರೆದೆ, ತುಟಿ ಬರೆದೆ. ನಾನು ಆ ಹುಡುಗನನ್ನು ಕಂಡವಳಲ್ಲ. ಊರಿನಲ್ಲಿದ್ದ ನನ್ನ ತಮ್ಮನ ಕಣ್ಣುಗಳೇ ಕೈಗೆ ಬಂದವು.

ಆ ತಾಯಿ ಪ್ರಿಂಟ್ ಕೈಗೆ ತೆಗೆದುಕೊಂಡು, "ಹೌದ್ರೀ, ಅಂವನ. ಹಿಂಗ ನೋಡತಿದ್ದ" ಅಂತ ಅತ್ತರು. ನನಗೆ ಹೆದರಿಕೆ ಹಿಡಿಯಿತು. ಬದುಕಿರುವ ನನ್ನ ತಮ್ಮನ ಕಣ್ಣಿಗೆ ಕಾಮೋಠೆಯ ಒಂದು ಮನೆಯಲ್ಲಿ ದಿನಾ ಹೂ ಏರಿಸುತ್ತಾರಲ್ಲ ಅಂತ. ಊರಿಗೆ ಫೋನ್ ಮಾಡಿ ತಮ್ಮನ ಸ್ವರ ಕೇಳಿದ ಮೇಲೆಯೇ ಊಟ ಸೇರಿದ್ದು. ಜನ ಫೋಟೋದಲ್ಲಿ ಇದ್ದದ್ದನ್ನು ನೋಡುವುದಿಲ್ಲ, ತಮಗೆ ಬೇಕಾದ್ದನ್ನು ನೋಡುತ್ತಾರೆ ಅಂತ ಆವತ್ತು ಗೊತ್ತಾಯಿತು. ನಾನೂ ಆ ಜನರಲ್ಲಿ ಒಬ್ಬಳು ಅಂತ ಮಾತ್ರ ಹೊಳೆಯಲಿಲ್ಲ.

ಕಂಪ್ಯೂಟರ್ ಬಂದಾಗ ಕರ್ಕೇರಣ್ಣ ಕೆಲಸ ಬಿಟ್ಟು ಊರಿಗೆ ಹೋದರು. ಡಾರ್ಕ್‌ರೂಮಿನ ಗೋಡೆ ಒಡೆದು ಏಸಿ ಹಾಕಿಸಿದರು. ನನಗೆ ಮೌಸ್ ಹಿಡಿಯಲು ಬರುತ್ತಿರಲಿಲ್ಲ. ಮಾಲಕ ಸಾವಂತ್ ಸರ್ ನನ್ನ ಹಿಂದೆ ಬಂದು ನಿಂತರೆ ಬಾಣದ ಗುರುತು ಪರದೆ ತುಂಬ ಓಡಾಡುತ್ತಿತ್ತು. ಕೆಲಸ ಹೋಗುತ್ತದೆ ಅನ್ನುವ ಭಯದಲ್ಲೇ ಕಲಿತೆ. ಕಲಿತ ಮೇಲೆ ವೇಗ ಬಂತು. ಒಂದು ಒತ್ತಿದರೆ ಚುಕ್ಕೆ ಮಾಯ. ಸುತ್ತಲಿನ ಬಣ್ಣವನ್ನು ಯಂತ್ರವೇ ಎಳೆದು ತುಂಬಿಸುತ್ತದೆ. ಬ್ರಷ್ಷಿನಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸ ಅರ್ಧ ನಿಮಿಷಕ್ಕೆ ಬಂತು. ಬೆಳಕಿಗೆ ಹಿಡಿದು ನೋಡಲು ನೆಗೆಟಿವ್ ಅಂತ ಒಂದು ವಸ್ತುವೇ ಇರಲಿಲ್ಲ.

ಮೊಬೈಲ್ ಬಂದ ಮೇಲೆ ಜನ ಪ್ರಿಂಟ್ ಹಾಕಿಸುವುದು ಬಿಟ್ಟರು. ಲ್ಯಾಬ್ ಉಳಿದದ್ದು ಪ್ರದರ್ಶನಕ್ಕೆ ಫೋಟೋ ಇಡುವ ಕಲಾವಿದರಿಂದ. ಅವರಿಗೆ ಹತ್ತಿಯ ಕಾಗದದ ಮೇಲೆ ನಾಲ್ಕು ಅಡಿ, ಐದು ಅಡಿಯ ಪ್ರಿಂಟ್ ಬೇಕು. ಹಾಗೆ ಬಂದವನು ರೋಹನ್. ಅವನ ಅಪ್ಪನಿಗೆ ಡೊಂಬಿವಲಿಯಲ್ಲಿ ಹೋಟೆಲ್, ನಮ್ಮ ಉಡುಪಿ ಕಡೆಯವರೇ. ಇವನು ಹುಟ್ಟಿದ್ದು ಬೆಳೆದದ್ದು ಇಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ.

ಅವನು ತೆಗೆಯುತ್ತಿದ್ದದ್ದು ಖಾಲಿ ಕೋಣೆಗಳನ್ನು. ಅಪಾಯದ ಕಟ್ಟಡ ಅಂತ ಕೆಂಪು ಬಣ್ಣದಲ್ಲಿ ಬರೆಸಿಕೊಂಡು, ಜನ ಬಿಟ್ಟು ಹೋದ ಹಳೆ ಬಿಲ್ಡಿಂಗುಗಳ ಒಳಗೆ ಟ್ರೈಪಾಡ್ ಇಟ್ಟುಕೊಂಡು ಕೂರುತ್ತಿದ್ದ. ಕಪಾಟು ಇದ್ದ ಜಾಗದಲ್ಲಿ ಗೋಡೆ ಬೇರೆ ಬಣ್ಣ, ಕ್ಯಾಲೆಂಡರ್ ತೂಗಿದ ಮೊಳೆ, ದೇವರ ಗೂಡಿನ ಹೊಗೆ.

"ಇದ್ರಲ್ಲಿ ಯಾರೂ ಇಲ್ವಲ್ಲ ಮಗ?" ಅಂದೆ ಮೊದಲ ದಿನ.

"ಕೋಯಿ ನಹೀ ಹೈ, ವಹೀ ತೋ ಫೋಟೋ ಹೈ ಆಂಟಿ" ಅಂದ. ಯಾರೂ ಇಲ್ಲದಿರುವುದೇ ಫೋಟೋ. ಆಮೇಲೆ ಒಂದು ಶರತ್ತು ಹಾಕಿದ. ಧೂಳು ಬಿಟ್ಟು ಬೇರೆ ಏನನ್ನೂ ತೆಗೆಯಬಾರದು. ಗೋಡೆಯ ಒಂದು ಬಿರುಕೂ ಹೋಗಬಾರದು.

ಆ ಮಾತನ್ನು ನಿಯತ್ತಿನಿಂದ ಪಾಲಿಸಿದೆ ಅಂತಲೇ ನಂಬಿದ್ದೆ. ದಿನಗಟ್ಟಲೆ ನೋಡಿ ನೋಡಿ ಆ ಕೋಣೆಗಳು ನನಗೂ ಹಿಡಿಸಿದವು. ಹೋದವರು ಎಲ್ಲಿ ಕೂರುತ್ತಿದ್ದರು, ಮಗುವಿನ ಎತ್ತರವನ್ನು ಬಾಗಿಲ ಬದಿಯಲ್ಲಿ ಯಾರು ಗುರುತು ಹಾಕುತ್ತಿದ್ದರು ಅಂತ ಯೋಚಿಸುತ್ತಿದ್ದೆ. ವಾಶಿಯ ಗ್ಯಾಲರಿಯಲ್ಲಿ ಪ್ರದರ್ಶನ ಆಯಿತು. ಖಾಲಿ ಅಂತ ಅವನು ಹೆಸರಿಟ್ಟ ಒಂದು ಚಿತ್ರವಂತೂ ಪೇಪರಿನಲ್ಲಿ ದೊಡ್ಡದಾಗಿ ಬಂತು. ಠಾಕುರ್ಲಿಯ ಒಂದು ಬಿಲ್ಡಿಂಗಿನ ಎರಡನೇ ಮಾಳಿಗೆಯ ಕೋಣೆ. ಬರಿಯ ನೆಲ, ಕಿಟಕಿಯ ಬೆಳಕು, ಒಳಕೋಣೆಯ ಬಾಗಿಲಿಗೆ ತೂಗಿದ ತಿಳಿ ಹಳದಿ ಪರದೆ.

ನನಗೆ ನಿವೃತ್ತಿಗೆ ಆರು ತಿಂಗಳಿತ್ತು. ಮಳೆ ಹಿಡಿದಿತ್ತು. ಅದೇ ಚಿತ್ರದ ಇನ್ನೂ ದೊಡ್ಡ ಪ್ರಿಂಟ್ ಬೇಕು ಅಂತ ರೋಹನ್ ಹೇಳಿದ. ಹಳೆ ಫೈಲ್ ಸಾಲದು ಅಂತ ಕ್ಯಾಮೆರಾದಿಂದ ಬಂದ ಮೂಲ ಫೈಲನ್ನೇ ಮತ್ತೆ ತೆರೆದೆ. ಆ ಹಳದಿ ಪರದೆಯ ಅಂಚಿನಲ್ಲಿ, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ನಾಲ್ಕು ಕಂದು ಚುಕ್ಕೆ. ಹಿಂದಿನ ಸಲವೂ ಇವನ್ನು ಕಂಡಿದ್ದೆ. ಕ್ಯಾಮೆರಾದ ಒಳಗಿನ ಧೂಳು ಅಂತ ನಾಲ್ಕು ಸಲ ಒತ್ತಿ ಒರೆಸಿದ್ದೂ ನೆನಪಿತ್ತು. ಈ ಸಲ ದೊಡ್ಡ ಪ್ರಿಂಟ್ ಅಲ್ಲವಾ ಅಂತ ಹತ್ತಿರಕ್ಕೆ ಎಳೆದು ನೋಡಿದೆ.

ಚುಕ್ಕೆಗಳಿಗೆ ಉಗುರುಗಳಿದ್ದವು.

ಕುರ್ಚಿ ಹಿಂದಕ್ಕೆ ದೂಡಿ ಎದ್ದುಬಿಟ್ಟೆ. ಕ್ಯಾಮೆರಾದೊಳಗಿನ ಧೂಳಾದರೆ ಎಲ್ಲ ಫೋಟೋಗಳಲ್ಲೂ ಅದೇ ಜಾಗದಲ್ಲಿ ಬೀಳುತ್ತದೆ. ಆ ದಿನ ತೆಗೆದ ಉಳಿದ ಫೋಟೋಗಳನ್ನೆಲ್ಲ ತೆರೆದೆ. ಒಂದರಲ್ಲೂ ಇಲ್ಲ. ಈ ಒಂದರಲ್ಲಿ ಮಾತ್ರ. ಕೋಣೆ ಕತ್ತಲೆ ಇದ್ದದ್ದರಿಂದ ರೋಹನ್ ಕ್ಯಾಮೆರಾದ ಕಣ್ಣನ್ನು ಎಂಟು ಸೆಕೆಂಡು ತೆರೆದಿಟ್ಟು ತೆಗೆದ ಚಿತ್ರ ಅದು. ಅಲುಗಾಡಿದ್ದು ಯಾವುದೂ ಅದರಲ್ಲಿ ಸ್ಪಷ್ಟವಾಗಿ ಬರುವುದಿಲ್ಲ. ಆದರೆ ಉಗುರುಗಳು ಸ್ಪಷ್ಟವಾಗಿದ್ದವು. ಒಂದು ಸಣ್ಣ ಮಗು ಪರದೆ ಹಿಡಿದುಕೊಂಡು ಎಂಟು ಸೆಕೆಂಡು ಉಸಿರು ಕಟ್ಟಿ ನಿಂತಿತ್ತು.

ರೋಹನಿಗೆ ಫೋನ್ ಮಾಡಿದೆ. "ಆ ಪರದೆಯ ಹಿಂದೆ ಎಂತ ಇತ್ತು?"

"ಅಂದರ್ ನಹೀ ಗಯಾ ಆಂಟಿ. ಪರ್ದಾ ಹೀ ಅಚ್ಛಾ ಲಗಾ." ಒಳಗೆ ಹೋಗಲಿಲ್ಲ, ಪರದೆಯೇ ಚೆನ್ನಾಗಿತ್ತು ಅಂತ.

"ಬಿಲ್ಡಿಂಗ್ ಇನ್ನೂ ಉಂಟಾ?"

"ಹೋಗಾ ಶಾಯದ್. ಕ್ಯೂಂ?" ಇರಬಹುದು, ಯಾಕೆ ಅಂತ.

ಹೇಳಿದೆ. ಈಗಲೇ ಅಲ್ಲಿಗೆ ಹೋಗುವಾ ಅಂದೆ. ಹೊರಗೆ ಮಳೆ ಬೀಳುವ ಸದ್ದು ಎರಡೂ ಕಡೆಯಿಂದ ಕೇಳುತ್ತಿತ್ತು.

ಸಾವಂತ್ ಸರ್‌ಗೂ ಹೇಳಿ ಹೊರಟೆ. ಅವರು ಕೈ ಅಡ್ಡ ಹಿಡಿದರು. "ಆತಾ ಸಹಾ ಮಹಿನೇ ರಾಹಿಲೇತ್ ಮೇಡಂ, ಕಶಾಲಾ?" ಇನ್ನು ಆರು ತಿಂಗಳು ಉಳಿದಿದೆ, ಯಾಕೆ ಇದೆಲ್ಲ? ಲ್ಯಾಬಿನವರು ಚಿತ್ರದಿಂದ ಮನುಷ್ಯರನ್ನೇ ಒರೆಸುತ್ತಾರೆ ಅಂತ ಗೊತ್ತಾದರೆ ಯಾವ ಕಲಾವಿದ ಬರುತ್ತಾನೆ? ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಹೆಸರು ಹಾಳಾಗುತ್ತದೆ ಅನ್ನುವ ಭಯ ನನಗೂ ಇತ್ತು. ಆದರೆ ಆ ಉಗುರು ಕಂಡ ಮೇಲೆ ಕೂರಲು ಆಗಲಿಲ್ಲ.

ಮಧ್ಯಾಹ್ನದ ಲೋಕಲ್ಲಿನಲ್ಲಿ ಠಾಕುರ್ಲಿಗೆ ಹೋದೆವು. ರೋಹನ್ ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದ. ಬಿಲ್ಡಿಂಗ್ ಇತ್ತು. ಕೆಂಪು ಅಕ್ಷರ ಮಳೆಗೆ ಇಳಿದು ಗೋಡೆಯ ತುಂಬ ಹರಿದಿತ್ತು. ಮೆಟ್ಟಿಲಿನ ಅಂಚುಗಳಲ್ಲಿ ಕಬ್ಬಿಣದ ಸರಳು ಹೊರಬಂದಿತ್ತು. ಕೈಗಂಬಿ ಹಿಡಿದರೆ ಅದೂ ಅಲುಗಿತು. "ಗೋಡೆ ಬದಿಗೆ ಬಾ" ಅಂದೆ ರೋಹನಿಗೆ. ನಾವು ಹತ್ತುವಾಗ ಎಲ್ಲೋ ಒಳಗಿನಿಂದ ಮರಳು ಸುರಿದ ಹಾಗೆ ಸದ್ದಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಆಗುತ್ತಿತ್ತು.

ಆ ಕೋಣೆಗೆ ಬೀಗ ಇರಲಿಲ್ಲ. ಒಳಗೆ ಕಾಲಿಟ್ಟದ್ದು ಮೊದಲ ಸಲವಾದರೂ ಪ್ರತಿ ಕಲೆಯೂ ನನಗೆ ಗೊತ್ತಿತ್ತು. ಹೊರಕೋಣೆಯ ನೆಲದ ತುಂಬ ಧೂಳು. ಆದರೆ ಬಾಗಿಲಿನಿಂದ ಪರದೆಯ ತನಕ, ಗೋಡೆಗೆ ತಾಗಿ, ಕಾಲು ಇಡುವಷ್ಟು ಅಗಲದ ಒಂದು ದಾರಿಯಲ್ಲಿ ಮಾತ್ರ ಧೂಳಿಲ್ಲ. ಒಗ್ಗರಣೆಯ ವಾಸನೆ ಬೇರೆ.

ಪರದೆ ಸರಿಸಿದೆ. ಒಂದು ಚಾಪೆ, ಮಡಚಿದ ಹೊದಿಕೆ, ಎರಡು ತಟ್ಟೆ, ನೀರಿನ ಕೊಡ, ಶಾಲೆಯ ಚೀಲ. ಮಗು ಇಲ್ಲ.

"ಬಾಳಾ?" ಮಗೂ ಅಂತ ಕರೆದೆ. ರೋಹನ್ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ. ಅವನು ಯಾಕೆ ನೋಡಿದ ಅಂತ ಅರ್ಥವಾಗಿ ಚಾಪೆಯ ಮೇಲೆಯೇ ಕೂತೆ. ಕೂತು, ಯಾರಿಗೆ ಅಂತ ಗೊತ್ತಿಲ್ಲದೆ, ನನ್ನ ಹರುಕು ಮರಾಠಿಯಲ್ಲಿ ಹೇಳಿದೆ, ನಾವು ಮನೆ ಖಾಲಿ ಮಾಡಿಸುವವರಲ್ಲ, ಫೋಟೋದವರು, ಎಲ್ಲಿದ್ದೀ ಮಗಾ?

ತಲೆಯ ಮೇಲಿನ ಅಟ್ಟದಿಂದ, ಹಳೆ ಟ್ರಂಕಿನ ಹಿಂದಿನಿಂದ, ಒಂದು ಸಣ್ಣ ಸ್ವರ ಬಂತು. "ಘರಾತ್ ಕೋಣೀ ನಾಹೀ."

ಮನೆಯಲ್ಲಿ ಯಾರೂ ಇಲ್ಲ.

ಏಳು ವರ್ಷದ ಹುಡುಗಿ, ತನ್ವಿ ಅಂತ ಹೆಸರು. ಅಟ್ಟದಿಂದ ಅವಳನ್ನು ಇಳಿಸುವಾಗ ಅದರ ಕಾಂಕ್ರೀಟು ರೋಹನಿನ ಕೈಯಲ್ಲಿ ಬಿಸ್ಕಿಟಿನ ಹಾಗೆ ಪುಡಿಯಾಯಿತು. ಅವಳ ಅಮ್ಮ ಸುಲಭಾ ಉಲ್ಹಾಸನಗರದ ಜೀನ್ಸ್ ಕಾರಖಾನೆಯಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಹೋಗಿದ್ದಳು. ಸಂಜೆ ಬಂದವಳು ನಮ್ಮನ್ನು ಕಂಡು ಚೀಲವನ್ನು ರೋಹನಿನ ಮೇಲೆ ಎಸೆದಳು. ಮಗಳನ್ನು ಹಿಂದಕ್ಕೆ ಎಳೆದುಕೊಂಡು ಹಿಂದಿಯಲ್ಲಿ ಕಿರುಚಿದಳು. ಅವಳು ತಣ್ಣಗಾಗಿ ಹೇಳಿದ್ದು ಇಷ್ಟು.

ಬಾಡಿಗೆಯ ಕಾಗದ ಸತ್ತ ಗಂಡನ ಹೆಸರಿನಲ್ಲಿತ್ತು. ಉಳಿದ ಮನೆಯವರಿಗೆಲ್ಲ ಹೊಸ ಬಿಲ್ಡಿಂಗಿನಲ್ಲಿ ಜಾಗ ಕೊಡುತ್ತೇನೆ ಅಂತ ಕಟ್ಟಡದ ಮಾಲಕ ಪತ್ರ ಕೊಟ್ಟ, ಅವರು ಖಾಲಿ ಮಾಡಿದರು. ಇವಳಿಗೆ ಕೊಡಲಿಲ್ಲ. ಪತ್ರ ಇಲ್ಲದೆ ಹೊರಗೆ ಹೋದರೆ ಮತ್ತೆ ಒಳಗೆ ಬರುವ ಹಾಗಿಲ್ಲ. ಇಲ್ಲಿದ್ದಾಳೆ ಅಂತ ಗೊತ್ತಾದರೆ ಖಾಲಿ ಮಾಡಿಸಲು ಬರುತ್ತಾರೆ. ಅದಕ್ಕೆ ಹೊರಕೋಣೆ ಖಾಲಿ ಇಟ್ಟಳು, ಗುಡಿಸುವುದು ಬಿಟ್ಟಳು, ಬೀಗ ಹಾಕುವುದನ್ನೂ ಬಿಟ್ಟಳು.

"ತಾಲಾ ದಿಖಾ ತೋ ಸಮಝೇಂಗೇ ಕೋಯಿ ಹೈ" ಅಂದಳು. ಬೀಗ ಕಂಡರೆ ಯಾರೋ ಇದ್ದಾರೆ ಅಂತ ತಿಳಿಯುತ್ತಾರೆ.

"ಮಗುವನ್ನು ಒಬ್ಬಳನ್ನೇ ಬಿಟ್ಟು ಹೋಗ್ತೀಯಲ್ಲ, ಹೆದರಿಕೆ ಆಗುದಿಲ್ವಾ?" ಅಂತ ಹಿಂದಿಯಲ್ಲಿ ಕೇಳಿಬಿಟ್ಟೆ.

ಅವಳು ಚೀಲದಿಂದ ಮಡಚಿ ಮಡಚಿ ಸವೆದ ಪೇಪರಿನ ತುಂಡೊಂದನ್ನು ತೆಗೆದು ಬಿಡಿಸಿದಳು. ರೋಹನಿನ ಚಿತ್ರ. ಪತ್ರ ಕೇಳಲು ಹೋದಾಗ ಮಾಲಕನ ಮನುಷ್ಯ ಇದನ್ನೇ ಮುಖಕ್ಕೆ ಹಿಡಿದನಂತೆ. ನೋಡು, ಪೇಪರಿನವರೇ ಬರೆದಿದ್ದಾರೆ, ಈ ಮನೆಯಲ್ಲಿ ಯಾರೂ ಇರಲಿಲ್ಲ, ಯಾವತ್ತೋ ಬಿಟ್ಟು ಹೋಗಿದ್ದಾರೆ ಅಂತ.

ಆ ತುಂಡಿನಲ್ಲಿ ಪರದೆ ಎಷ್ಟು ಶುದ್ಧವಾಗಿತ್ತು ಅಂದರೆ, ಅಷ್ಟು ಚೆನ್ನಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

"ಅದು ನಾನು ಒರೆಸಿದ್ದು" ಅಂದೆ. ಅವಳಿಗೆ ಕನ್ನಡ ಅರ್ಥವಾಗಲಿಲ್ಲ. ಹಿಂದಿಯಲ್ಲಿ ಮತ್ತೊಮ್ಮೆ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು.

ಪತ್ರ ಕೈಗೆ ಬರದೆ ಅವಳು ಜಾಗ ಬಿಡಲು ಒಪ್ಪಲಿಲ್ಲ. ಮಗಳನ್ನು ಹಗಲು ಹೊತ್ತು ನಮ್ಮ ಡೊಂಬಿವಲಿಯ ಮನೆಯಲ್ಲಿ ಬಿಡಲು ಮಾತ್ರ ಒಪ್ಪಿದಳು. ನನ್ನ ಗಂಡ ಆಗಲೇ ಕೆಲಸ ಬಿಟ್ಟಿದ್ದರು, ಅವರು ನೋಡಿಕೊಂಡರು. ಮಳೆ ಜೋರಾದಾಗಲೆಲ್ಲ ಹುಡುಗಿ ಕಪಾಟಿನ ಹಿಂದೆ ಹೋಗಿ ನಿಲ್ಲುತ್ತಿದ್ದಳಂತೆ. ನನಗೂ ಲ್ಯಾಬಿನಲ್ಲಿ ಮಳೆ ಸದ್ದು ಕೇಳಿದರೆ ಆ ಮರಳು ಸುರಿಯುವ ಸದ್ದೇ ಕೇಳುತ್ತಿತ್ತು.

ಮೂಲ ಫೈಲನ್ನು ಹಾಗೆಯೇ ಪ್ರಿಂಟ್ ಮಾಡಿದೆ. ಬೆರಳಿನ ಭಾಗವನ್ನು ಬೇರೆಯಾಗಿ ದೊಡ್ಡದು ಮಾಡಿದೆ. ಒಂದು ಕಾಗದದಲ್ಲಿ, ಈ ಚಿತ್ರದಿಂದ ಮಗುವಿನ ಬೆರಳುಗಳನ್ನು ಧೂಳೆಂದು ತಿಳಿದು ಒರೆಸಿದವಳು ನಾನು, ಅಂತ ಬರೆದು ಸಹಿ ಹಾಕಿದೆ. ರೋಹನ್ ಇನ್ನೊಂದು ಬರೆದ, ಒಳಗೆ ನೋಡದೆ ಖಾಲಿ ಅಂತ ಹೆಸರಿಟ್ಟವನು ನಾನು ಅಂತ. ಸಾವಂತ್ ಸರ್ ಓದಿ, ಮೇಜಿನ ಮೇಲಿಟ್ಟು, "ಲ್ಯಾಬಿನ ಹೆಸರು ಹಾಕಬೇಡಿ" ಅಂದರು. ಹಾಕಲಿಲ್ಲ.

ಬಾಡಿಗೆದಾರರ ಪಟ್ಟಿ ಇರುವ ಮುನಿಸಿಪಾಲಿಟಿಯ ವಾರ್ಡ್ ಆಫೀಸಿನಲ್ಲಿ ಅಧಿಕಾರಿ ಆ ಪ್ರಿಂಟನ್ನು ಉಲ್ಟಾ ಪಲ್ಟಾ ಮಾಡಿ ನೋಡಿದರು. ಮಾಲಕನ ಕಡೆಯವನೂ ಬಂದಿದ್ದ. "ಇದು ಧೂಳಲ್ಲ ಅಂತ ಹೇಗೆ ಹೇಳ್ತೀರಿ? ಮೊದಲು ಧೂಳು ಅಂದವರು ನೀವೇ ಅಲ್ವಾ?" ಅಂದ ಅವನು. ಜೀವಮಾನದಲ್ಲಿ ನಾನು ಯಾವ ಆಫೀಸಿನಲ್ಲೂ ಎದ್ದು ನಿಂತು ಮಾತಾಡಿದವಳಲ್ಲ. ಆ ದಿನದ ಅಷ್ಟೂ ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ನಿಜವಾದ ಧೂಳಿನ ಚುಕ್ಕೆ ಯಾವುದು, ಅದು ಪ್ರತಿಯೊಂದರಲ್ಲೂ ಅದೇ ಮೂಲೆಯಲ್ಲಿ ಹೇಗೆ ಬಂದಿದೆ ಅಂತ ಬೆರಳಿಟ್ಟು ತೋರಿಸಿದೆ. ಈ ನಾಲ್ಕು ಮಾತ್ರ ಒಂದರಲ್ಲೇ ಇವೆ. ಧೂಳಿಗೆ ಉಗುರು ಇರುವುದಿಲ್ಲ ಸಾಹೇಬರೇ ಅಂದೆ. ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಸುಲಭಾಳ ಹೆಸರು ಕೇಳಿ ಬರೆದುಕೊಂಡರು.

ಮೂರು ವಾರ ಓಡಾಡಿದ ಮೇಲೆ ಪತ್ರ ಬಂತು. ಅದೇ ದಿನ ರೋಹನ್ ತನ್ನ ಅಪ್ಪನ ಹೋಟೆಲಿನ ಟೆಂಪೋ ತಂದ. ತಾಯಿ ಮಗಳು ಕಲ್ಯಾಣದಲ್ಲಿ ಒಂದು ಬಾಡಿಗೆ ಕೋಣೆಗೆ ಹೋದರು. ಅವರು ಹೋದ ಹತ್ತು ದಿನಕ್ಕೆ, ಮಳೆ ಇಲ್ಲದ ಒಂದು ಬೆಳಿಗ್ಗೆ, ರೋಹನ್ ಫೋನ್ ಮಾಡಿ "ಆಂಟಿ" ಅಂದ. ಠಾಕುರ್ಲಿಯ ಬಿಲ್ಡಿಂಗ್ ಬಿದ್ದ ಸುದ್ದಿ ಹೇಳಿದ. ಅಟ್ಟವಿದ್ದ ಬದಿ ಪೂರ್ತಿ ಕುಸಿದಿತ್ತು. ಯಾರೂ ಇರಲಿಲ್ಲ. ಆ ಮಾತು ನಿಜವಾದದ್ದು ಅವತ್ತೇ ಮೊದಲು.

ರೋಹನ್ ಆಮೇಲೆ ಬಹಳ ಕಾಲ ಕ್ಯಾಮೆರಾ ಮುಟ್ಟಲಿಲ್ಲ. ಈಗ ಮತ್ತೆ ತೆಗೆಯುತ್ತಾನೆ, ಆದರೆ ಕೋಣೆಗೆ ಕಾಲಿಡುವ ಮೊದಲು ಗಟ್ಟಿಯಾಗಿ ಕೂಗುತ್ತಾನಂತೆ. ನಾನು ಉಳಿದ ತಿಂಗಳುಗಳನ್ನು ಹಳೆಯ ಫೈಲುಗಳನ್ನು ತೆರೆದು ನೋಡುವುದರಲ್ಲಿ ಕಳೆದೆ. ಹೆಚ್ಚಿನವು ಅಳಿಸಿಹೋಗಿದ್ದವು. ಎಷ್ಟು ಸಾವಿರ ಸಲ ಒತ್ತಿದ್ದೇನೋ, ಏನೇನು ಹೋಯಿತೋ, ಕೇಳಲು ಯಾರೂ ಇಲ್ಲ. ಈ ಹೆದರಿಕೆಗೆ ನಿವೃತ್ತಿ ಇಲ್ಲ.

ನನ್ನ ಕೊನೆಯ ವಾರದಲ್ಲಿ ಸುಲಭಾ ಮಗಳನ್ನು ಕರೆದುಕೊಂಡು ಲ್ಯಾಬಿಗೆ ಬಂದಳು. ಬೆರಳುಗಳಿರುವ ಪ್ರಿಂಟನ್ನು ಗೋಡೆಗೆ ಒರಗಿಸಿಟ್ಟಿದ್ದೆವು. ತನ್ವಿಯನ್ನು ಅದರ ಎದುರು ನಿಲ್ಲಿಸಿ, "ನೀನು ಎಲ್ಲಿದ್ದೀ ತೋರಿಸು ನೋಡುವಾ" ಅಂದೆ. ಅವಳು ಬೆರಳುಗಳನ್ನು ತೋರಿಸುತ್ತಾಳೆ ಅಂತ ನಾನೂ ರೋಹನೂ ಕಾದೆವು. ಅವಳು ಅವನ್ನು ನೋಡಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು, ಪರದೆಯ ಕೆಳಗಿನ ಕಪ್ಪು ಸಂದಿನಲ್ಲಿ, ನಾನು ಇಷ್ಟೂ ದಿನ ನೆರಳು ಅಂತ ತಿಳಿದಿದ್ದ ಒಂದು ಉಂಡೆಯ ಮೇಲೆ ಕೈಯಿಟ್ಟಳು.

"ಹಾ ಮಾಝಾ ಪಾಯ್" ಅಂದಳು. ಇದು ನನ್ನ ಕಾಲು.

ಬಗ್ಗಿ ನೋಡಿದೆ. ಐದು ಬೆರಳೂ ಇದ್ದವು.